ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಯ ಕೆಳಗಿನ ಬಾವಿ: ಸೊಪ್ಪಿಗೆ ಹಾಯಿಸಬಹುದೇ, ಮನೆಗೆ ಬಳಸಬಹುದೇ?

ಪ್ರಶ್ನೆ: ಕೆರೆಕೋಡಿ (ಕೋಲಾರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಊರು ನರಸಾಪುರದ ಕಡೆಗಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಘಟಕಗಳಲ್ಲಿ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗ ನಾನು ಪದವಿ ಓದುತ್ತಿದ್ದೆ. ಆ ಕೆರೆ ತುಂಬಿ ಕೋಡಿ ಹರಿದು, ಅದರ ಕೆಳಗಿನ ಕೆರೆ ತುಂಬಿ, ಹೀಗೆ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತ ಕೊನೆಗೆ ನಮ್ಮ ಊರಿನ ಕೆರೆಗೂ ನೀರು ಬಂತು. ನಾನು ಹುಟ್ಟಿದ ಮೇಲೆ ನಮ್ಮ ಕೆರೆಯ ಕೋಡಿ ಹರಿದದ್ದನ್ನು ನೋಡಿದ್ದು ಅದೇ ಮೊದಲು.

ಕೆರೆ ಏರಿಯಿಂದ ಸುಮಾರು ಮುನ್ನೂರು ಅಡಿ ಕೆಳಗೆ, ಅಚ್ಚುಕಟ್ಟಿನ ಜಮೀನಿನಲ್ಲಿ, ನಮ್ಮ ತಾತ ತೋಡಿಸಿದ ಕಲ್ಲು ಕಟ್ಟಡದ ಬಾವಿ ಇದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಒಣಗಿ, ತಳದಲ್ಲಿ ಜಾಲಿ ಬೆಳೆದು ನಿಂತಿತ್ತು. ಈಗ ಹನ್ನೆರಡು ಅಡಿಗೆ ನೀರು ಸಿಗುತ್ತದೆ. ನೀರು ಕಾಣಿಸಿಕೊಂಡ ದಿನ ನಮ್ಮ ತಂದೆ ಬಾವಿಯ ಮೇಲಿನ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಟ್ಟು, ದೀಪ ಹಚ್ಚಿ, ಕತ್ತಲಾಗುವವರೆಗೂ ಅಲ್ಲೇ ಕುಳಿತಿದ್ದರು. ಸಾವಿರದ ಇನ್ನೂರು ಅಡಿ ಕೊರೆಸಿಯೂ ಎರಡು ಕೊಳವೆಬಾವಿಗಳು ಬರಿದಾಗಿ, ಅದರ ಸಾಲವನ್ನು ಹಸುಗಳನ್ನು ಮಾರಿ ತೀರಿಸಿದ ಮನುಷ್ಯ ಅವರು. ಅವರ ಸಂತೋಷ ಎಂಥದ್ದು ಎಂಬುದು ನನಗೆ ಗೊತ್ತು. ಆದುದರಿಂದಲೇ ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಲಾಗದೆ ಇಲ್ಲಿ ಕೇಳುತ್ತಿದ್ದೇನೆ.

ನಮಗೆ ಎರಡು ಎಕರೆ ಹಿಪ್ಪುನೇರಳೆ, ಅರ್ಧ ಎಕರೆ ಟೊಮೆಟೊ ಇದೆ. ಉಳಿದ ಹತ್ತು ಗುಂಟೆಯಲ್ಲಿ ಕೊತ್ತಂಬರಿ, ಮೆಂತ್ಯ, ದಂಟು ಬೆಳೆದು ಕೋಲಾರದ ಸಂತೆಗೆ ಹಾಕಬೇಕೆಂಬುದು ತಂದೆಯವರ ಆಸೆ. ಕೆರೆಯ ನೀರನ್ನು ನೇರವಾಗಿ ಎತ್ತಬಾರದು, ಈ ಯೋಜನೆ ಇರುವುದು ಅಂತರ್ಜಲ ಮರುಪೂರಣಕ್ಕೆ ಮಾತ್ರ ಎಂದು ಅಧಿಕಾರಿಗಳು ಹೇಳಿದ್ದಾರೆ. ಬಾವಿಯ ನೀರು ಅಂತರ್ಜಲವೇ ಆದ್ದರಿಂದ ಅದನ್ನು ಬಳಸಲು ಅಡ್ಡಿಯಿಲ್ಲ ಎಂದು ಊರಿನಲ್ಲಿ ಎಲ್ಲರೂ ಬಳಸುತ್ತಿದ್ದಾರೆ. ಆದರೆ ಮುನ್ನೂರು ಅಡಿ ಮಣ್ಣಿನಲ್ಲಿ ಜಿನುಗಿ ಬಂದ ಮಾತ್ರಕ್ಕೆ ನೀರು ಶುದ್ಧವಾಗಿಬಿಡುತ್ತದೆಯೇ? ಇನ್ನೊಂದು ಸಂಗತಿ: ನನ್ನ ತಂಗಿ ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಮೂರು ತಿಂಗಳು. ತಾಯಿಯ ಹಾಲು ಸಾಲದೆ ಪುಡಿ ಹಾಲನ್ನೂ ಕಲಸಿ ಕುಡಿಸುತ್ತಿದ್ದೇವೆ. ಅದಕ್ಕೆ ಮನೆಯ ಹಿತ್ತಲಿನ ಕೊಳವೆಬಾವಿಯ ನೀರನ್ನು ಕುದಿಸಿ ಬಳಸುತ್ತೇವೆ. ಆ ಕೊಳವೆಬಾವಿಯಲ್ಲೂ ಈಗ ನೀರು ಮೇಲೆ ಬಂದಿದೆ. ಯಾವ ಪರೀಕ್ಷೆ ಮಾಡಿಸಬೇಕು, ಏನನ್ನು ಬೆಳೆಯಬಹುದು, ಏನನ್ನು ಬೆಳೆಯಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಇಂಜಿನಿಯರ್ (ಬೆಂಗಳೂರು)

ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಹಿಪ್ಪುನೇರಳೆಗೆ ಬೇಕಾದ ನೀರು, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಕಾದ ನೀರು ಮತ್ತು ಹಸುಗೂಸಿಗೆ ಬೇಕಾದ ನೀರು ಒಂದೇ ಅಲ್ಲ. ‘ಶುದ್ಧ’ ಎಂಬ ಒಂದೇ ಮಾತಿನಿಂದ ಮೂರನ್ನೂ ಅಳೆಯಲು ಹೊರಟಿದ್ದೇ ಈ ಯೋಜನೆಯ ಬಗೆಗಿನ ಅರ್ಧ ಜಗಳಕ್ಕೆ ಕಾರಣ ಎಂದು, ಕೊಳಚೆ ನೀರಿನ ಘಟಕಗಳಲ್ಲಿ ಮೂವತ್ತು ವರ್ಷ ದುಡಿದ ನನಗೆ ಅನ್ನಿಸಿದೆ.

ನಿಮ್ಮ ಕೆರೆಗೆ ಬರುತ್ತಿರುವುದು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು. ಮೊದಲ ಹಂತದಲ್ಲಿ ಕಸ, ಮರಳು ಮತ್ತು ತಳ ಸೇರುವ ಗಸಿಯನ್ನು ಬೇರ್ಪಡಿಸುತ್ತೇವೆ. ಎರಡನೇ ಹಂತದಲ್ಲಿ ದೊಡ್ಡ ತೊಟ್ಟಿಗಳಿಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಸಾಕುತ್ತೇವೆ. ಅವು ನೀರಿನಲ್ಲಿ ಕರಗಿದ ಸಾವಯವ ಕೊಳೆಯನ್ನು ತಿಂದು ಬೆಳೆದು ಕೆಸರಾಗಿ ತಳಕ್ಕಿಳಿಯುತ್ತವೆ, ಮೇಲಿನ ತಿಳಿ ನೀರು ಹೊರಗೆ ಹೋಗುತ್ತದೆ. ಘಟಕಕ್ಕೆ ಬರುವಾಗ ಲೀಟರಿಗೆ 200ರಿಂದ 300 ಮಿಲಿಗ್ರಾಂ ಇರುವ ಬಿಒಡಿ, ಅಂದರೆ ಕೊಳೆಯಲು ಬೇಕಾಗುವ ಆಮ್ಲಜನಕದ ಅಳತೆ, ಘಟಕ ಸರಿಯಾಗಿ ನಡೆದರೆ 10ರಿಂದ 20ಕ್ಕೆ ಇಳಿಯುತ್ತದೆ. ಇದು ಸಣ್ಣ ಕೆಲಸವಲ್ಲ. ನೀರು ನಾರದಿರುವುದು, ಕೆರೆಯಲ್ಲಿ ಮೀನು ಬದುಕುವುದು ಇದರಿಂದಲೇ. ಆದರೆ ಈ ಹಂತ ಮುಗಿದ ಮೇಲೂ ನೀರಿನಲ್ಲಿ ಮೂರು ಸಂಗತಿಗಳು ಉಳಿದಿರುತ್ತವೆ: ಕರಗಿದ ಲವಣ, ಒಂದಷ್ಟು ಸಾರಜನಕ ಮತ್ತು ರಂಜಕ, ಹಾಗೂ ರೋಗಾಣುಗಳು.

ಲವಣದ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಬೆಂಗಳೂರಿನವರು ಬಳಸುವ ಕಾವೇರಿ ನೀರು ಸಿಹಿ ನೀರು. ಅದು ಒಮ್ಮೆ ಮನೆಗಳನ್ನು ಹಾದು ಚರಂಡಿಗೆ ಬರುವಷ್ಟರಲ್ಲಿ ಉಪ್ಪು, ಸೋಪು, ಮೂತ್ರ ಎಲ್ಲ ಸೇರಿ ಲೀಟರಿಗೆ ಸಾಮಾನ್ಯವಾಗಿ 150ರಿಂದ 380 ಮಿಲಿಗ್ರಾಂನಷ್ಟು ಕರಗಿದ ಲವಣ ಹೆಚ್ಚಾಗುತ್ತದೆ. ಗಾಳಿ ಊದುವುದರಿಂದಾಗಲಿ, ಮರಳಿನಲ್ಲಿ ಸೋಸುವುದರಿಂದಾಗಲಿ, ಕ್ಲೋರಿನ್ ಹಾಕುವುದರಿಂದಾಗಲಿ ಈ ಲವಣ ಹೋಗುವುದಿಲ್ಲ; ನೀರನ್ನು ಒತ್ತಡದಿಂದ ತೂರಿಸುವ ರಿವರ್ಸ್ ಆಸ್ಮೋಸಿಸ್ (ಆರ್.ಒ.) ಪೊರೆಗಳಂಥ ವಿಧಾನಗಳಿಂದ ಮಾತ್ರ ಹೋಗುತ್ತದೆ. ಕೆರೆಯಲ್ಲಿ ನೀರು ನಿಂತು ಆವಿಯಾದಂತೆ ಲವಣ ಇನ್ನೂ ಗಟ್ಟಿಯಾಗುತ್ತದೆ. ಆದ್ದರಿಂದ ನಿಮ್ಮ ಬಾವಿಯ ನೀರಿನ ವಿದ್ಯುತ್ ವಾಹಕತೆಯನ್ನು, ಪ್ರಯೋಗಾಲಯದವರು ಇ.ಸಿ. ಎಂದು ಬರೆಯುವ ಅಂಕಿಯನ್ನು, ಮೊದಲು ನೋಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ 700 ಮೈಕ್ರೋಸೀಮೆನ್ಸ್‌ವರೆಗೆ ಯಾವ ಬೆಳೆಗೂ ತೊಂದರೆಯಿಲ್ಲ, 3,000 ದಾಟಿದರೆ ಬಹುಪಾಲು ಬೆಳೆಗಳಿಗೆ ಆಗದು. ನಡುವೆ ಬೆಳೆಯಿಂದ ಬೆಳೆಗೆ ವ್ಯತ್ಯಾಸವಿದೆ: ಹುರುಳಿಕಾಯಿ ಮತ್ತು ಕ್ಯಾರೆಟ್ 700 ದಾಟಿದೊಡನೆ ಇಳುವರಿ ಕಡಿಮೆ ಕೊಡತೊಡಗುತ್ತವೆ, ಈರುಳ್ಳಿ 800ಕ್ಕೆ, ಟೊಮೆಟೊ ಸುಮಾರು 1,700ರವರೆಗೆ ತಡೆದುಕೊಳ್ಳುತ್ತದೆ.

ಇ.ಸಿ.ಯ ಜೊತೆಗೆ ಎಸ್‌ಎಆರ್ ಎಂಬ ಅಂಕಿಯನ್ನೂ ಕೇಳಿ ಪಡೆಯಿರಿ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟಿದೆ ಎಂಬುದನ್ನು ಅದು ತಿಳಿಸುತ್ತದೆ. ಸೋಡಿಯಂ ಹೆಚ್ಚಾದರೆ ನಿಮ್ಮ ಕೆಂಪು ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಮಳೆ ಬಂದಾಗ ಮೇಲ್ಪದರ ಮೆತ್ತಿಕೊಂಡು, ಒಣಗಿದಾಗ ಹಪ್ಪಳದಂತೆ ಎದ್ದು ಬಿರಿಯುತ್ತದೆ. ಇದು ಒಂದೆರಡು ವರ್ಷಗಳಲ್ಲಿ ಕಾಣಿಸದು, ಏಳೆಂಟು ವರ್ಷಗಳ ಮೇಲೆ ಕಾಣಿಸಿಕೊಂಡೀತು. ಆಗ ಜಿಪ್ಸಮ್ ಹಾಕಿ ಸರಿಪಡಿಸುವುದಕ್ಕಿಂತ ಈಗ ಅಳೆದುಕೊಳ್ಳುವುದು ಸುಲಭ.

ಇನ್ನು ಮುನ್ನೂರು ಅಡಿ ಮಣ್ಣಿನ ಮಾತು. ಇಸ್ರೇಲಿನ ಟೆಲ್ ಅವೀವ್ ಪ್ರದೇಶದ ಶಾಫ್ಡಾನ್ ಘಟಕದಲ್ಲಿಯೂ ಎರಡನೇ ಹಂತದ ನೀರನ್ನೇ ನೆಲಕ್ಕೆ ಇಂಗಿಸಿ, ಮತ್ತೆ ಬಾವಿಗಳಿಂದ ಮೇಲೆತ್ತಿ, 1989ರಿಂದ ಪ್ರತ್ಯೇಕ ಕೊಳವೆ ಮಾರ್ಗದಲ್ಲಿ ನೆಗೆವ್ ಮರುಭೂಮಿಯ ಹೊಲಗಳಿಗೆ ಕಳುಹಿಸುತ್ತಿದ್ದಾರೆ. ನಮ್ಮಲ್ಲಿ ಅನೇಕರು ಇದನ್ನೇ ತೋರಿಸಿ ‘ಭೂಮಿಯೇ ಮೂರನೇ ಹಂತ’ ಎನ್ನುತ್ತಾರೆ. ಆದರೆ ಶಾಫ್ಡಾನ್‌ನ ನೆಲ ಮರಳು. ಅಲ್ಲಿ ನೀರು ಮರಳಿನ ಕಣಕಣದ ನಡುವೆ ತಿಂಗಳುಗಟ್ಟಲೆ ನಿಧಾನವಾಗಿ ಸರಿಯುತ್ತದೆ. ಕೋಲಾರದ ಕೆಳಗಿರುವುದು ಗಟ್ಟಿ ಬಂಡೆ. ಮೇಲಿನ ಕೊಳೆತ ಕಲ್ಲಿನ ಪದರ ದಪ್ಪವಾಗಿದ್ದ ಕಡೆ ಅದು ಚೆನ್ನಾಗಿ ಸೋಸುತ್ತದೆ. ಬಂಡೆಯ ಬಿರುಕೊಂದು ಕೆರೆಯ ತಳದಿಂದ ನೇರವಾಗಿ ನಿಮ್ಮ ಬಾವಿಗೆ ಬಂದಿದ್ದರೆ ನೀರು ಸೋಸಿಕೊಳ್ಳದೆಯೇ ತಲುಪಬಹುದು. ನೋಡಿ ಹೇಳಲಾಗದು, ಅಳತೆಯೊಂದೇ ದಾರಿ. ಹಾಗಾಗಿ ನಿಮ್ಮ ಪಕ್ಕದ ಜಮೀನಿನವರ ವರದಿ ನಿಮಗೆ ಆಧಾರವಾಗದು.

ಮಾದರಿ ತೆಗೆಯುವ ಮುನ್ನ ಮೋಟಾರನ್ನು ಹತ್ತು ನಿಮಿಷವಾದರೂ ಓಡಿಸಿ ನಿಂತ ನೀರನ್ನು ಹೊರಹಾಕಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿಯಲ್ಲೇ ಹಿಡಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ಕೊನೆಗೊಮ್ಮೆ ಮಾಡಿಸಿದರೆ ಮಾತ್ರ ಬಾವಿಯ ಸ್ವಭಾವ ತಿಳಿಯುತ್ತದೆ.

ಉತ್ತರ: ಚಂದ್ರಿಕೆ (ಮಾಲೂರು ತಾಲ್ಲೂಕು)

ಇಂಜಿನಿಯರ್ ಅವರು ಹೇಳಿದ ಸಾರಜನಕದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮದೂ ಇದೇ ನೀರು ತುಂಬಿದ ಕೆರೆಯ ಕೆಳಗಿನ ತೋಟ. ಬಾವಿ ನೀರು ಹಾಯಿಸಿದ ಮೊದಲ ವರ್ಷ ಹಿಪ್ಪುನೇರಳೆ ಎಲೆ ಅಂಗೈಗಿಂತ ಅಗಲವಾಗಿ, ಕಪ್ಪು ಹಸಿರಾಗಿ ಬಂತು. ಊರಿನವರೆಲ್ಲ ಬಂದು ನೋಡಿ ಹೋದರು. ನಾನು ವಾಡಿಕೆಯಂತೆ ಯೂರಿಯಾವನ್ನೂ ಹಾಕಿದ್ದೆ. ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಆ ಎಲೆಯನ್ನು ತಿಂದು, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಎರಡು ದಿನ ಮುಂಚೆ, ತಟ್ಟೆ ತಟ್ಟೆಯೇ ಸಪ್ಪೆರೋಗಕ್ಕೆ ಬಿದ್ದವು. ಮುಟ್ಟಿದರೆ ಮೆತ್ತಗೆ, ಕೈಗೆ ಅಂಟುವಂತೆ ಆಗಿದ್ದವು. ಎಲೆಯಲ್ಲಿ ನೀರಿನಂಶ ಮಿತಿಮೀರಿದ್ದೂ ಒಂದು ಕಾರಣ ಎಂದು ರೇಷ್ಮೆ ಇಲಾಖೆಯವರು ವಿವರಿಸಿದಾಗ ನನಗೆ ಅರ್ಥವಾಯಿತು.

ಅಂದಿನಿಂದ ನಾನು ಲೆಕ್ಕ ಹಾಕಿಯೇ ಗೊಬ್ಬರ ಹಾಕುತ್ತೇನೆ. ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಿದರೆ ಹೆಚ್ಚುಕಡಿಮೆ ಒಂದು ಲಕ್ಷ ಲೀಟರ್ ಆಗುತ್ತದೆ. ಲೀಟರಿಗೆ 20 ಮಿಲಿಗ್ರಾಂ ಸಾರಜನಕ ಇರುವ ನೀರಾದರೆ, ಆ ಒಂದು ಅಂಗುಲದಲ್ಲೇ ಎರಡು ಕಿಲೋ ಸಾರಜನಕ, ಅಂದರೆ ನಾಲ್ಕು ಕಿಲೋಗೂ ಮಿಗಿಲಾದ ಯೂರಿಯಾ, ನನ್ನ ತೋಟಕ್ಕೆ ಬಂದು ಬಿತ್ತು. ಒಂದು ಬೆಳೆಗೆ ಎಷ್ಟು ಅಂಗುಲ ಹಾಯಿಸುತ್ತೀರೋ ಅಷ್ಟರಿಂದ ಗುಣಿಸಿ, ಚೀಲದ ಗೊಬ್ಬರದಲ್ಲಿ ಅಷ್ಟನ್ನು ಕಳೆದುಬಿಡಿ. ನಾನೀಗ ಯೂರಿಯಾವನ್ನು ಅರ್ಧಕ್ಕೂ ಕಡಿಮೆ ಮಾಡಿದ್ದೇನೆ, ಪೊಟ್ಯಾಷ್ ಬಿಟ್ಟಿಲ್ಲ, ಕಟಾವಿಗೆ ಮುಂಚಿನ ಒಂದು ವಾರ ನೀರು ಕಡಿಮೆ ಮಾಡುತ್ತೇನೆ. ಆಮೇಲೆ ಹುಳು ಹೋಗಿಲ್ಲ. ಹಿಪ್ಪುನೇರಳೆಯನ್ನು ಮನುಷ್ಯರು ತಿನ್ನುವುದಿಲ್ಲವಾದ್ದರಿಂದ ಈ ನೀರಿಗೆ ಅದಕ್ಕಿಂತ ಒಳ್ಳೆಯ ಬೆಳೆ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಸೂಕ್ಷ್ಮಜೀವಿ ಶಾಸ್ತ್ರದ ಅಧ್ಯಾಪಕಿ

ಮಗುವಿನ ವಿಷಯವನ್ನು ಮೊದಲು ಹೇಳುತ್ತೇನೆ, ಉಳಿದದ್ದನ್ನು ಆಮೇಲೆ ಓದಿದರೂ ಆಗುತ್ತದೆ. ವರದಿ ಕೈಗೆ ಬರುವವರೆಗೆ ಆ ಕೊಳವೆಬಾವಿಯ ನೀರಿನಲ್ಲಿ ಪುಡಿ ಹಾಲು ಕಲಸುವುದನ್ನು ಇಂದೇ ನಿಲ್ಲಿಸಿ, ಪರೀಕ್ಷಿಸಿದ ಶುದ್ಧ ಕುಡಿಯುವ ನೀರನ್ನು ಕುದಿಸಿ ಬಳಸಿ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚುತ್ತದೆ. ಆರು ತಿಂಗಳೊಳಗಿನ ಮಕ್ಕಳಲ್ಲಿ ನೈಟ್ರೇಟ್ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಂದಿಸುತ್ತದೆ. ತುಟಿ, ಉಗುರುಗಳು ನೀಲಿಗಟ್ಟುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ.

ವರದಿ ಓದುವಾಗ ಒಂದು ಎಚ್ಚರಿಕೆ. ಕೆಲವರು ನೈಟ್ರೇಟ್ ಎಂದೇ ಬರೆಯುತ್ತಾರೆ, ಕೆಲವರು ‘ನೈಟ್ರೇಟ್, ಸಾರಜನಕವಾಗಿ’ ಎಂದು ಬರೆಯುತ್ತಾರೆ. ಎರಡನೆಯ ಲೆಕ್ಕದಲ್ಲಿ 45 ಎಂಬ ಮಿತಿ ಸುಮಾರು 10 ಆಗುತ್ತದೆ. ನನ್ನ ಸಂಬಂಧಿಕರೊಬ್ಬರ ಮನೆಯಲ್ಲಿ ಒಂದು ಪ್ರಯೋಗಾಲಯದ ವರದಿಯಲ್ಲಿ 14 ಎಂದಿದ್ದದ್ದನ್ನು ನೋಡಿ, 45ಕ್ಕಿಂತ ಕಡಿಮೆಯಿದೆಯಲ್ಲ ಎಂದು ನೆಮ್ಮದಿಯಾಗಿ ಎಂಟು ತಿಂಗಳು ಅದೇ ನೀರನ್ನು ಕುಡಿದರು. ಅದು ಸಾರಜನಕದ ಲೆಕ್ಕದ 14. ನೈಟ್ರೇಟ್ ಲೆಕ್ಕದಲ್ಲಿ 62. ಕಾಲಂನ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಬಿಡಬೇಡಿ. ಕೋಲಾರದ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಶತ್ರು. ಅದನ್ನೂ ಅದೇ ವರದಿಯಲ್ಲಿ ಕೇಳಿ. ಅಪೇಕ್ಷಣೀಯ ಮಿತಿ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದಲ್ಲಿ 1.5.

ಸೊಪ್ಪಿನ ಬಗ್ಗೆ: ಕೊತ್ತಂಬರಿಯನ್ನು ನಾವು ಚಟ್ನಿಗೆ, ಕೋಸಂಬರಿಗೆ ಹಸಿಯಾಗಿಯೇ ಹಾಕುತ್ತೇವೆ. ಎಲೆ ನೆಲಕ್ಕೆ ಹತ್ತಿರ, ಮಡಿಯಲ್ಲಿ ನೀರು ನಿಲ್ಲಿಸಿದರೆ ಎಲೆಗೇ ತಾಗುತ್ತದೆ. ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿನಲ್ಲಿ 100 ಮಿಲಿಲೀಟರಿಗೆ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 1,000 ಮೀರಬಾರದು, ಲೀಟರಿಗೆ ಜಂತುಹುಳುವಿನ ಮೊಟ್ಟೆ ಒಂದಕ್ಕಿಂತ ಹೆಚ್ಚಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿತ್ತು. 2006ರ ಮಾರ್ಗಸೂಚಿಯಲ್ಲಿ ಅದು ತನ್ನ ದೃಷ್ಟಿಯನ್ನು ಬದಲಿಸಿಕೊಂಡಿತು. ನೀರಿನಲ್ಲಿ ಎಷ್ಟು ರೋಗಾಣುಗಳಿವೆ ಎಂಬುದನ್ನು ಮಾತ್ರ ನೋಡದೆ, ಹೊಲದಿಂದ ತಟ್ಟೆಯವರೆಗೆ ಎಲ್ಲೆಲ್ಲಿ ಅವು ಕಡಿಮೆಯಾಗುತ್ತವೆ ಎಂಬುದನ್ನು ಒಟ್ಟಾಗಿ ಲೆಕ್ಕ ಹಾಕಿತು. ಹನಿ ನೀರಾವರಿಯಲ್ಲಿ ಎತ್ತರಕ್ಕೆ ಬೆಳೆಯುವ ಬೆಳೆಯ ಹಣ್ಣಿಗೆ ತಗಲುವ ರೋಗಾಣು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ನೆಲದ ಮೇಲಿನ ಬೆಳೆಯಲ್ಲಿ ನೂರರಲ್ಲಿ ಒಂದಕ್ಕೆ. ಕೊನೆಯ ನೀರು ಹಾಯಿಸಿ ಕಟಾವಿಗೆ ಒಂದೆರಡು ದಿನ ಬಿಟ್ಟರೆ ಬಿಸಿಲಿಗೆ ಇನ್ನಷ್ಟು ಸಾಯುತ್ತವೆ. ಬೇಯಿಸಿದರೆ ಹತ್ತು ಲಕ್ಷದಲ್ಲಿ ಒಂದೂ ಉಳಿಯದು. ಬರಿ ನೀರಿನಲ್ಲಿ ತೊಳೆಯುವುದರಿಂದ ಮಾತ್ರ ಹತ್ತರಲ್ಲಿ ಒಂದು ಪಾಲು ಉಳಿದೇ ಉಳಿಯುತ್ತದೆ.

ಈ ಲೆಕ್ಕದಲ್ಲಿ ನಿಮ್ಮ ಟೊಮೆಟೊವನ್ನು ಕೋಲು ಕಟ್ಟಿ, ಹನಿ ಕೊಳವೆಯಲ್ಲಿ, ಮಲ್ಚಿಂಗ್ ಹಾಳೆಯ ಕೆಳಗೆ ನೀರು ಕೊಟ್ಟು ಬೆಳೆದರೆ ಅಂಜಬೇಕಾಗಿಲ್ಲ. ಕೊತ್ತಂಬರಿಯನ್ನು ನಾನು ಬೇಡ ಎನ್ನುತ್ತೇನೆ. ಸಂತೆಯಲ್ಲಿ ಅದನ್ನು ಕೊಳ್ಳುವ ತಾಯಿಗೆ ಅದು ಯಾವ ನೀರಿನಲ್ಲಿ ಬೆಳೆದದ್ದು ಎಂದು ತಿಳಿಯುವ ದಾರಿಯೇ ಇಲ್ಲ. ಇನ್ನೊಂದು ಮಾತು: ತೋಟಕ್ಕೆ ನೀರು ಹಾಯಿಸುವವರು ಬರಿಗಾಲಿನಲ್ಲಿ ಕಾಲುವೆಯಲ್ಲಿ ನಿಲ್ಲುತ್ತಾರೆ. ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ತಂದೆಯವರಿಗೆ ಒಂದು ಜೊತೆ ಗಂಬೂಟು ತಂದುಕೊಡಿ.

ಉತ್ತರ: ಪಾಲಾರ್ ದಂಡೆ (ಬೇತಮಂಗಲ)

ಮೇಲಿನ ಮೂವರ ಮಾತುಗಳನ್ನೂ ಗೌರವದಿಂದ ಓದಿದ್ದೇನೆ. ಆದರೆ ಒಂದು ಮಾತನ್ನು ಕೇಳಲೇಬೇಕು. ಇ.ಸಿ. ಅಳೆಯುವುದು, ನೈಟ್ರೇಟಿನ ಲೆಕ್ಕ ಓದುವುದು, ಕೊತ್ತಂಬರಿ ಬಿಡುವುದು, ಗಂಬೂಟು ಕೊಳ್ಳುವುದು, ಇವೆಲ್ಲವೂ ರೈತನ ಮೇಲೆಯೇ ಏಕೆ ಬೀಳಬೇಕು?

ನೀರು ಬಂದು ಎರಡು ತಿಂಗಳೂ ತುಂಬುವ ಮೊದಲೇ, 2018ರ ಜುಲೈನಲ್ಲಿ, ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಬೆಳ್ಳಂದೂರು ಕೆರೆ ನೊರೆಯುಕ್ಕಿ ರಸ್ತೆಗೆ ಹಾರಿದ್ದನ್ನು, ಅದೇ ಕೆರೆಗೆ 2017ರಲ್ಲಿ ಮತ್ತು 2018ರ ಜನವರಿಯಲ್ಲಿ ಬೆಂಕಿ ಹತ್ತಿದ್ದನ್ನು ಟಿ.ವಿ.ಯಲ್ಲಿ ಕಂಡಿದ್ದ ನಮ್ಮ ಜನ, ಆ ನೊರೆಯನ್ನು ನೋಡಿ ಹೆದರಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹೋರಾಟಗಾರರು ಹೈಕೋರ್ಟಿಗೆ ಹೋದರು, ತಡೆಯಾಜ್ಞೆ ಬಂತು, ಸೆಪ್ಟೆಂಬರಿನಲ್ಲಿ ಮತ್ತೆ ನೀರು ಹರಿಸಲು ಅನುಮತಿ ಸಿಕ್ಕಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು, ಮುಂದೆ ಅದೂ ತೆರವಾಯಿತು. ಈ ಎಲ್ಲದರ ನಡುವೆ ನಾವು ಕೇಳಿದ್ದು ಒಂದೇ: ಮೂರನೇ ಹಂತದ ಸಂಸ್ಕರಣೆ. ನೀರೇ ಬೇಡ ಎಂದವರು ನಾವಲ್ಲ. ದಿನಕ್ಕೆ 440 ದಶಲಕ್ಷ ಲೀಟರ್ ನೀರು, 126 ಕೆರೆಗಳು, ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಗೆ ಇದು ಎಷ್ಟು ದೊಡ್ಡದು ಎಂಬುದನ್ನು ನಾವೇ ಮೊದಲು ಬಲ್ಲೆವು. ಅಂತರ್ಜಲ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ದಾಖಲಿಸಿದ್ದಾರೆ. ನಮ್ಮ ಬಾವಿಗಳೂ ಅದನ್ನೇ ಹೇಳುತ್ತವೆ.

ಆದರೆ ಯಲಹಂಕದಲ್ಲಿ ಮೂರನೇ ಹಂತದ ಘಟಕ ಕಟ್ಟಿ ವಿಮಾನ ನಿಲ್ದಾಣದ ಬಳಕೆಗೆ ನೀರು ಕೊಡಲು ಬೆಂಗಳೂರಿಗೆ ಸಾಧ್ಯವಾಗಿದೆ. ಚೆನ್ನೈನ ಕೊಯಂಬೇಡಿನಲ್ಲಿ ದಿನಕ್ಕೆ 45 ದಶಲಕ್ಷ ಲೀಟರ್ ಕೊಳಚೆ ನೀರನ್ನು ರಿವರ್ಸ್ ಆಸ್ಮೋಸಿಸ್‌ವರೆಗೆ ಶುದ್ಧಗೊಳಿಸಿ 2019ರಿಂದ ಕೈಗಾರಿಕೆಗಳಿಗೆ ಕೊಡುತ್ತಿದ್ದಾರೆ. ಯಂತ್ರಗಳ ಬಾಯ್ಲರಿಗೆ ಸಿಗುವ ನೀರು ಅಷ್ಟು ಶುದ್ಧವಾಗಿರಬೇಕಾದರೆ, ಜನ ಸೇದಿ ಕುಡಿಯುವ ಬಾವಿಗೆ ಇಳಿಯುವ ನೀರು ಅದಕ್ಕಿಂತ ಕಡಿಮೆಯಾಗಿರಲಿ ಎನ್ನುವುದು ಯಾವ ನ್ಯಾಯ?

ಉತ್ತರ: ನಿವೃತ್ತ ಇಂಜಿನಿಯರ್ (ಬೆಂಗಳೂರು)

ಪಾಲಾರ್ ದಂಡೆಯವರ ಪ್ರಶ್ನೆಗೆ ನಾನು ತಲೆಬಾಗುತ್ತೇನೆ. ಪರೀಕ್ಷೆಯ ಹೊಣೆ ನೀರು ಕಳುಹಿಸುವವರದ್ದೇ ಆಗಬೇಕು. ಪ್ರತಿ ಕೆರೆಯ ಕೆಳಗಿನ ಎರಡು ಮೂರು ಬಾವಿಗಳ ವರದಿಯನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಗೋಡೆಗೆ, ಕನ್ನಡದಲ್ಲಿ, ಅಂಟಿಸಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ‘ಮೂರನೇ ಹಂತ’ ಎಂದಾಗ ಏನನ್ನು ಕೇಳುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಲಿ. ಮರಳು ಸೋಸುವಿಕೆ ಮತ್ತು ರೋಗಾಣು ನಾಶವನ್ನು ಕೇಳಿದರೆ ಅದು ಕೈಗೆಟಕುವ ಖರ್ಚು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2019ರ ಆದೇಶ ಕೇಳುವ ಬಿಒಡಿ 10ರ ಮಿತಿಯೊಳಗೂ ನೀರು ಬರುತ್ತದೆ. ಅದನ್ನು ಈಗಲೇ, ಗಟ್ಟಿಯಾಗಿ ಕೇಳಬೇಕು. ರಂಜಕ ಮತ್ತು ಸಾರಜನಕ ತೆಗೆಯುವುದನ್ನೂ ಕೇಳಬೇಕು, ಏಕೆಂದರೆ ಕೆರೆಗಳ ಮೇಲೆ ನೇರಳೆ ಹೂವಿನ ಕಳೆ ಹಾಸಿಕೊಳ್ಳುವುದಕ್ಕೆ ಅವೇ ಮೂಲ. ಆದರೆ 440 ದಶಲಕ್ಷ ಲೀಟರಿಗೆ ರಿವರ್ಸ್ ಆಸ್ಮೋಸಿಸ್ ಹಾಕಿದರೆ, ಅದರಲ್ಲಿ ಒಂದು ದೊಡ್ಡ ಪಾಲು ಗಟ್ಟಿ ಉಪ್ಪುನೀರಾಗಿ ಹೊರಬರುತ್ತದೆ. ಚೆನ್ನೈಗೆ ಸಮುದ್ರವಿದೆ. ಸಮುದ್ರವಿಲ್ಲದ ನಾವು ಅದನ್ನು ಯಾವ ಊರಿನ ನೆಲಕ್ಕೆ ಬಿಡೋಣ?

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಬೇಕಿತ್ತು. ಶಾಫ್ಡಾನ್‌ನಲ್ಲಿ ಇಂಗು ಹೊಂಡಗಳನ್ನು ಸದಾ ತುಂಬಿಡುವುದಿಲ್ಲ. ಒಂದೆರಡು ದಿನ ನೀರು ಬಿಟ್ಟು, ಆಮೇಲೆ ಒಣಗಿಸಿ, ತಳವನ್ನು ಉಳುತ್ತಾರೆ. ಗಾಳಿಯಾಡಿದಾಗ ತಳದ ಲೋಳೆ ಒಡೆದು ನೀರು ಮತ್ತೆ ಇಂಗುತ್ತದೆ. ನಮ್ಮ ಹಿರಿಯರ ಕೆರೆಗಳೂ ಹಾಗೆಯೇ ಇದ್ದವು: ಮಳೆಗೆ ತುಂಬಿ, ತೂಬಿನಿಂದ ಬೆಳೆಗೆ ಹರಿದು, ಬೇಸಿಗೆಯಲ್ಲಿ ಒಣಗಿ, ರೈತರು ತಳದ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊತ್ತು ಹಾಕುತ್ತಿದ್ದರು. ಈಗ ಅದೇ ಕೆರೆಗಳು ವರ್ಷವಿಡೀ ತುಂಬಿ ನಿಂತಿವೆ. ತಳ ಕಟ್ಟಿಕೊಂಡು ಇಂಗುವುದು ನಿಧಾನವಾಗುತ್ತದೆ, ನಿಂತ ನೀರಿನಲ್ಲಿ ಲವಣ ಗಟ್ಟಿಯಾಗುತ್ತದೆ. ಸಾಲಿನ ಕೆರೆಗಳನ್ನು ಸರದಿಯಂತೆ ಒಂದೊಂದು ಬೇಸಿಗೆ ಒಣಗಲು ಬಿಡುವ ಪದ್ಧತಿಯನ್ನು, ಕೆರೆಯ ನೀರು ಹಂಚುವ ನೀರುಗಂಟಿಗಳನ್ನೂ ಕೂರಿಸಿಕೊಂಡು ರೂಪಿಸಬೇಕು ಎಂಬುದು ನನ್ನ ಬೇಡಿಕೆ.

ಪ್ರಶ್ನೆ ಕೇಳಿದವರಿಂದ: ಕೆರೆಕೋಡಿ

ಎಲ್ಲ ಹಿರಿಯರಿಗೂ ನನ್ನ ನಮಸ್ಕಾರ. ಮಗುವಿಗೆ ಅಂದಿನ ರಾತ್ರಿಯೇ ನೀರು ಬದಲಿಸಿದೆವು. ಎರಡೂ ನೀರಿನ ವರದಿ ನಿನ್ನೆ ಬಂತು, ಕಾಲಂನ ಸಣ್ಣ ಅಕ್ಷರಗಳನ್ನು ಮೂರು ಸಲ ಓದಿದ್ದೇನೆ.

ತೋಟದ ಬಾವಿ: ಇ.ಸಿ. 1,310, ನೈಟ್ರೇಟ್ 31, ಫ್ಲೋರೈಡ್ 0.7. ಮಲಮೂಲದ ಕೋಲಿಫಾರ್ಮ್ ಇದೆ, 100 ಮಿಲಿಲೀಟರಿಗೆ 460. ಹಿತ್ತಲಿನ ಕೊಳವೆಬಾವಿ: ಇ.ಸಿ. 1,480, ಫ್ಲೋರೈಡ್ 1.2, ನೈಟ್ರೇಟ್ 88. ಕೆರೆಯ ಪಕ್ಕದ ಬಾವಿಗಿಂತ ಮನೆಯ ನೀರಿನಲ್ಲಿ ನೈಟ್ರೇಟ್ ಹೆಚ್ಚು ಹೇಗೆ ಬಂತು ಎಂದು ನಾನು ವರದಿಯನ್ನು ಹಿಡಿದುಕೊಂಡು ಹಿತ್ತಲಿನಲ್ಲಿ ನಿಂತಿದ್ದಾಗ, ಕೊಳವೆಬಾವಿಯಿಂದ ಹದಿನೈದು ಅಡಿ ದೂರದಲ್ಲಿರುವ ನಮ್ಮ ತಿಪ್ಪೆ ಕಣ್ಣಿಗೆ ಬಿತ್ತು. ಅದರಾಚೆಗೆ ಕೊಟ್ಟಿಗೆಯ ಗಂಜಲದ ಗುಂಡಿ. ಮೂವತ್ತು ವರ್ಷಗಳಿಂದ ಅವೆರಡೂ ಅಲ್ಲೇ ಇವೆ. ನೀರು ಆಳದಲ್ಲಿದ್ದಾಗ ತಲುಪದಿದ್ದದ್ದು, ಅದು ಮೇಲೆ ಬಂದ ಮೇಲೆ ತಲುಪುತ್ತಿರಬಹುದು ಎಂದು ಇಂಜಿನಿಯರ್ ಅವರು ಫೋನಿನಲ್ಲಿ ಹೇಳಿದರು.

ತಂದೆಯವರಿಗೆ ವರದಿಯನ್ನು ಓದಿ ಹೇಳಿದೆ. ಕೋಪಿಸಿಕೊಳ್ಳುತ್ತಾರೆ ಎಂದು ಅಂಜಿದ್ದೆ, ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹತ್ತು ಗುಂಟೆಗೆ ಕೊತ್ತಂಬರಿ ಬೇಡ, ಹಸುವಿಗೆ ಸೀಮೆ ಹುಲ್ಲು ಹಾಕೋಣ ಎಂದರು. ಯೂರಿಯಾ ಲೆಕ್ಕವನ್ನು ಚಂದ್ರಿಕೆಯವರು ಹೇಳಿದಂತೆ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತಿಪ್ಪೆಯನ್ನು ಜಮೀನಿನ ತಗ್ಗಿನ ಮೂಲೆಗೆ ಸಾಗಿಸುತ್ತಿದ್ದೇವೆ; ಆರು ಗಾಡಿ ಆಗಿದೆ, ಇನ್ನು ನಾಲ್ಕು ಗಾಡಿ ಉಳಿದಿದೆ. ಪಂಚಾಯಿತಿಯ ಗೋಡೆಯ ಮಾತನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಲು ಪಾಲಾರ್ ದಂಡೆಯವರು ಅರ್ಜಿಯ ಕರಡನ್ನು ಕಳುಹಿಸಿದ್ದಾರೆ, ಊರಿನ ಇಪ್ಪತ್ತಮೂರು ಮಂದಿ ಈವರೆಗೆ ಸಹಿ ಹಾಕಿದ್ದಾರೆ. ಮಳೆಗಾಲ ಮುಗಿದ ಮೇಲೆ ಎರಡೂ ನೀರನ್ನು ಮತ್ತೊಮ್ಮೆ ಪರೀಕ್ಷೆಗೆ ಕೊಟ್ಟು, ಅಂಕಿಗಳನ್ನು ಇಲ್ಲಿಯೇ ಬರೆಯುತ್ತೇನೆ.